ಗಂಟೆ ಕರೆಯುತ್ತದೆ, ಏಳಬೇಕಾದವರು ನಾವು



ಹಳೆಯ ಒಡಂಬಡಿಕೆಯಲ್ಲಿ ಅರಸುಗಳ ಮೊದಲ ಗ್ರಂಥದ 19ನೇ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ಪ್ರವಾದಿ ಎಲೀಯನು ದಣಿದು ಹೋಗಿದ್ದಾನೆ. ಬದುಕೇ ಸಾಕೆನಿಸಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಮಲಗಿಬಿಟ್ಟಿದ್ದಾನೆ. ದೇವದೂತನು ಬಂದು ಅವನನ್ನು ಮುಟ್ಟಿ ಎಬ್ಬಿಸುತ್ತಾನೆ, ಊಟಕ್ಕೆ ಏಳಿಸುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇವೆ. ಪ್ರವಾದಿ ತಿಂದು, ಕುಡಿದು, ಮತ್ತೆ ಮಲಗಿಬಿಡುತ್ತಾನೆ. ದೇವದೂತನಿಗೆ ಬೇಸರವಿಲ್ಲ. ಎರಡನೆಯ ಸಲವೂ ಬಂದು ಮುಟ್ಟುತ್ತಾನೆ, ಮುಂದಿನ ದಾರಿ ದೂರವಿದೆ ಎಂದು ನೆನಪಿಸುತ್ತಾನೆ. ಆ ಊಟದ ಬಲದಿಂದಲೇ ಎಲೀಯನು ನಲವತ್ತು ದಿನ ನಡೆದು ದೇವರ ಬೆಟ್ಟವಾದ ಹೋರೇಬನ್ನು ಸೇರುತ್ತಾನೆ.

ಸಕ್ಕರೆ ಕಾಯಿಲೆಯಿರುವ ಮನೆಯವರಿಗೆ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಈ ಕಾಯಿಲೆಯೂ ದೂರದ ದಾರಿ. ಒಂದು ದಿನದ ಔಷಧಿಯಿಂದ ಮುಗಿಯುವುದಲ್ಲ. ಸರಿಯಾದ ಹೊತ್ತಿಗೆ ಎಬ್ಬಿಸುವವರು, ಸರಿಯಾದ ಊಟ, ಮತ್ತೆ ಮತ್ತೆ ಬೇಸರವಿಲ್ಲದೆ ನೆನಪಿಸುವ ಒಂದು ಕೈ, ಇವಿಷ್ಟೂ ಬೇಕು. ಈಗ ಎಬ್ಬಿಸುವ ಕೆಲಸಕ್ಕೆ ನಮ್ಮ ಕೈಯಲ್ಲೇ ಒಂದು ಸಾಧನ ಬಂದಿದೆ. ಅದೇ ಮೊಬೈಲ್ ಫೋನು. ಅದು ಎಷ್ಟರ ಮಟ್ಟಿಗೆ ನಮಗೆ ದೇವದೂತನಾಗಬಲ್ಲದು, ಎಲ್ಲಿ ಆಗಲಾರದು ಎಂಬುದನ್ನು ಈ ವಾರದ ಪಾಠದಲ್ಲಿ ಕಲಿಯೋಣ.

ದೂರವಾಣಿಯ ಊರಿನಲ್ಲಿ

ಬೆಂಗಳೂರಿನ ಪೂರ್ವಕ್ಕಿರುವ ಟಿನ್ ಫ್ಯಾಕ್ಟರಿ ವೃತ್ತ ನಿಮ್ಮಲ್ಲಿ ಅನೇಕರಿಗೆ ಪರಿಚಿತ. ಹಳೆ ಮದ್ರಾಸು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ಜಾಗ ಅದು. ತೂಗುಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ದೂರವಾಣಿನಗರ. 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದಾಗಿಯೇ ಆ ಬಡಾವಣೆಗೆ ಆ ಹೆಸರು. ದೇಶದ ಮನೆಗಳಲ್ಲೂ ಕಚೇರಿಗಳಲ್ಲೂ ಟ್ರಿಣ್‌ಗುಟ್ಟುತ್ತಿದ್ದ ಡಯಲ್ ಫೋನುಗಳು ಅಲ್ಲಿ ತಯಾರಾದವು. ಆಗ ಮನೆಗೊಂದು ಫೋನು ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಇಂದು ಅದೇ ಟಿನ್ ಫ್ಯಾಕ್ಟರಿಯ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಗಾರೆ ಕೆಲಸದವರಿಂದ ಹಿಡಿದು ಕಂಪನಿಯ ನೌಕರರವರೆಗೆ ಎಲ್ಲರ ಕೈಯಲ್ಲೂ ಫೋನಿದೆ. 2023ರ ಅಕ್ಟೋಬರ್‌ನಲ್ಲಿ ಬೆನ್ನಿಗಾನಹಳ್ಳಿ ಮೆಟ್ರೋ ನಿಲ್ದಾಣ ತೆರೆದ ಮೇಲೆ ಮೇಲೊಂದು ಜನಸಾಗರ, ಕೆಳಗೊಂದು ಜನಸಾಗರ.

ಆ ಜನರಲ್ಲಿ ಎಷ್ಟು ಮಂದಿಗೆ ಸಕ್ಕರೆ ಕಾಯಿಲೆ ಇದ್ದೀತು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2023ರ ಜೂನ್‌ನಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ನಗರವಾಸಿ ವಯಸ್ಕರಲ್ಲಿ ನೂರಕ್ಕೆ ಹದಿನಾರಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆಯಿದೆ. ಎಂದರೆ ಭಾನುವಾರದ ಬಲಿಪೂಜೆಯಲ್ಲಿ ಆರು ಮಂದಿ ದೊಡ್ಡವರು ಕೂರುವ ಒಂದು ಬೆಂಚಿನಲ್ಲಿ ಸರಾಸರಿ ಒಬ್ಬರಿಗಾದರೂ ಇದೆ ಎಂದಾಯಿತು. ನಿಮ್ಮ ಪಕ್ಕದಲ್ಲಿ ಕುಳಿತವರಿರಬಹುದು. ನೀವೇ ಇರಬಹುದು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ

ಟಿನ್ ಫ್ಯಾಕ್ಟರಿಯ ಹಿಂದಿನ ಓಣಿಯೊಂದರಲ್ಲಿ ಒಂದು ಕ್ರೈಸ್ತ ಕುಟುಂಬವಿದೆ ಎಂದುಕೊಳ್ಳೋಣ. ತಾಯಿಗೆ ಐವತ್ತೈದರ ಪ್ರಾಯ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಗ್ಗೆ ಎದ್ದು ತ್ರಿಕಾಲ ಪ್ರಾರ್ಥನೆ ಮುಗಿಸಿ, ಮಗನಿಗೆ ಡಬ್ಬಿ ಕಟ್ಟಿ, ಮೊಮ್ಮಗಳನ್ನು ಶಾಲೆಗೆ ಸಿದ್ಧಮಾಡಿ, ಮಾತ್ರೆಯನ್ನು ಮಾತ್ರ ಮರೆಯದೆ ನುಂಗುತ್ತಾರೆ. ತಿಂಡಿ? ಎಲ್ಲರದೂ ಆದ ಮೇಲೆ. ಅಷ್ಟರಲ್ಲಿ ಸಂತೆಗೆ ಹೋಗಬೇಕಾಗುತ್ತದೆ. ಒಂದು ದಿನ ಹತ್ತೂವರೆಗೆ ಬಸ್ ನಿಲ್ದಾಣದಲ್ಲಿ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲಿಟ್ಟು ಕುಸಿಯುತ್ತಾರೆ. ಸುತ್ತಲಿನವರು ಬಿಸಿಲಿಗೆ ತಲೆ ಸುತ್ತಿತೆಂದು ನೀರು ಚಿಮುಕಿಸುತ್ತಾರೆ. ವಾಸ್ತವದಲ್ಲಿ ಆದದ್ದು ಬೇರೆ. ಮಾತ್ರೆ ತನ್ನ ಕೆಲಸ ಮಾಡಿತ್ತು, ಹೊಟ್ಟೆಯಲ್ಲಿ ಅನ್ನವಿರಲಿಲ್ಲ. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು.

ಆ ತಾಯಿಯ ಚೀಲದಲ್ಲಿ ಮಗ ಕೊಡಿಸಿದ ಒಳ್ಳೆಯ ಫೋನೇ ಇತ್ತು. ಅದರಲ್ಲಿ ಪ್ರತಿದಿನ ಬೆಳಗಿನ ಶುಭಾಶಯದ ಚಿತ್ರಗಳು ಬರುತ್ತಿದ್ದವು, ಸಂತರ ಚಿತ್ರಗಳು ಬರುತ್ತಿದ್ದವು. ಆದರೆ ಎಂಟು ಗಂಟೆಗೆ ‘ಅಮ್ಮ, ತಿಂಡಿ ತಿಂದ್ಯಾ?’ ಎಂದು ಕೇಳುವ ಒಂದು ಗಂಟೆ ಅದರಲ್ಲಿರಲಿಲ್ಲ.

ನಮ್ಮ ಹಿರಿಯರು ದೇವಾಲಯದ ಗಂಟೆ ಕೇಳಿ ದಿನಕ್ಕೆ ಮೂರು ಹೊತ್ತು ಕೆಲಸ ನಿಲ್ಲಿಸಿ ಪ್ರಾರ್ಥಿಸುತ್ತಿದ್ದರು. ಗಂಟೆ ಪ್ರಾರ್ಥಿಸುವುದಿಲ್ಲ, ಕರೆಯುತ್ತದೆ. ಪ್ರಾರ್ಥಿಸಬೇಕಾದವರು ನಾವು. ಫೋನಿನ ವಿಷಯವೂ ಹೀಗೆಯೇ. ಅದು ಮಾತ್ರೆ ನುಂಗುವುದಿಲ್ಲ, ನಡೆಯುವುದಿಲ್ಲ, ಅನ್ನದ ತಟ್ಟೆಯನ್ನು ಅರ್ಧ ಮಾಡುವುದಿಲ್ಲ. ಕರೆಯುತ್ತದೆ ಅಷ್ಟೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಫೋನು ವರವಾಗುತ್ತದೆ. ಮರೆತರೆ ಆಟಿಕೆಯಾಗುತ್ತದೆ.

ಅನುಭವ ಏನು ಹೇಳುತ್ತದೆ?

ಇದು ಬರಿಯ ಉಪದೇಶವಲ್ಲ, ಪರೀಕ್ಷಿಸಿ ನೋಡಿದ ವಿಷಯ. ಚೆನ್ನೈಯ ವೈದ್ಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 537 ಮಂದಿ ದುಡಿಯುವ ಗಂಡಸರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಆರಂಭದಲ್ಲಿ ಊಟ ಮತ್ತು ನಡಿಗೆಯ ಬಗ್ಗೆ ಬುದ್ಧಿಮಾತು ಹೇಳಲಾಯಿತು. ಒಂದು ಗುಂಪಿಗೆ ಮಾತ್ರ ಅದರ ಜೊತೆಗೆ ಮೊಬೈಲಿಗೆ ಆಗಾಗ ಚಿಕ್ಕ ಚಿಕ್ಕ ಸಂದೇಶಗಳು ಬರುತ್ತಿದ್ದವು. ಎರಡು ವರ್ಷದ ನಂತರ ನೋಡಿದಾಗ, ಸಂದೇಶ ಬಾರದವರಲ್ಲಿ ನೂರಕ್ಕೆ 27 ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಸಂದೇಶ ಬಂದವರಲ್ಲಿ ನೂರಕ್ಕೆ 18 ಮಂದಿಗೆ ಮಾತ್ರ. 2013ರಲ್ಲಿ ಪ್ರಕಟವಾದ ಈ ಫಲಿತಾಂಶ ಲೋಕದ ಗಮನ ಸೆಳೆಯಿತು. ಎರಡು ಸಾಲಿನ ಸಂದೇಶಕ್ಕೂ ಬೆಲೆಯಿದೆ ಎಂದಾಯಿತು.

ಆದರೆ ನಮ್ಮ ಕರ್ನಾಟಕದ್ದೇ ಇನ್ನೊಂದು ಅನುಭವವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ‘ಎಂವೆಲ್‌ಕೇರ್’ ಎಂಬ ಹೆಸರಿನ ಪ್ರಯೋಗ ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆಯಿತು. ಅರ್ಧದಷ್ಟು ಕೇಂದ್ರಗಳಲ್ಲಿ ದಾದಿಯರ ಕೈಗೆ ಟ್ಯಾಬ್ಲೆಟ್ ಕೊಟ್ಟರು. ರೋಗಿಯ ವಿವರ ತುಂಬಿದರೆ ಮುಂದಿನ ಚಿಕಿತ್ಸೆಯ ಸಲಹೆ ಅದರಲ್ಲಿ ಬರುತ್ತಿತ್ತು, ರೋಗಿಯ ಫೋನಿಗೂ ನೆನಪೋಲೆ ಹೋಗುತ್ತಿತ್ತು. ಉಳಿದ ಕೇಂದ್ರಗಳಲ್ಲಿ ಯಂತ್ರವಿರಲಿಲ್ಲ. ಸಿಬ್ಬಂದಿಗೆ ಒಳ್ಳೆಯ ತರಬೇತಿ ಮಾತ್ರ ಇತ್ತು. ಒಂದು ವರ್ಷದ ನಂತರ ಎರಡು ಕಡೆಯೂ ರೋಗಿಗಳ ಸ್ಥಿತಿ ಸುಧಾರಿಸಿತ್ತು. ಆದರೆ ರಕ್ತದ ಒತ್ತಡದಲ್ಲಾಗಲಿ ಸಕ್ಕರೆಯಲ್ಲಾಗಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 2019ರಲ್ಲಿ ಇದು ಪ್ರಕಟವಾಯಿತು.

ಇವೆರಡನ್ನೂ ಜೊತೆಗಿಟ್ಟು ನೋಡಿದರೆ ನಮಗೆ ಸಿಗುವ ಪಾಠವೇನು? ನೆನಪಿಸುವವರೇ ಇಲ್ಲದ ಕಡೆ ಫೋನು ದೊಡ್ಡ ಉಪಕಾರ ಮಾಡುತ್ತದೆ. ತಿಳಿದ, ಕಾಳಜಿಯುಳ್ಳ ಮನುಷ್ಯರು ಇರುವ ಕಡೆ ಯಂತ್ರ ಅವರಿಗಿಂತ ಹೆಚ್ಚಿನದೇನನ್ನೂ ಮಾಡಲಾರದು. ಎರಡೂ ಸೇರಿದರೆ ಮನೆಗೆ ಒಳ್ಳೆಯದು. ಒಂದನ್ನು ಕೊಟ್ಟು ಇನ್ನೊಂದನ್ನು ಕಸಿದುಕೊಳ್ಳಬಾರದು.

ಫೋನಿನಿಂದ ಮಾಡಿಸಬಹುದಾದ ಆರು ಕೆಲಸ

ಮೊದಲನೆಯದು, ಗಂಟೆ. ಫೋನಿನ ಅಲಾರಂನಲ್ಲಿ ಮೂರು ಹೊತ್ತಿನ ಗಂಟೆಯನ್ನು ಇಟ್ಟುಕೊಳ್ಳಿ. ಮಾತ್ರೆಗೆ ಮಾತ್ರವಲ್ಲ, ತಿಂಡಿಗೂ ಊಟಕ್ಕೂ ಇಡಿ. ಪ್ರತಿ ಅಲಾರಂಗೂ ಹೆಸರು ಬರೆಯಬಹುದು: ‘ಊಟಕ್ಕೆ ಮುಂಚಿನ ಮಾತ್ರೆ’, ‘ರಾತ್ರಿ ಇನ್ಸುಲಿನ್’ ಎಂದು ಕನ್ನಡದಲ್ಲೇ ಬರೆಯಿರಿ. ರಾತ್ರಿ ಪಾಳಿಯ ಕಾವಲುಗಾರರು, ಚಾಲಕರು ತಮ್ಮ ಪಾಳಿ ಬದಲಾದಾಗ ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಬೇಕೆಂದು ವೈದ್ಯರನ್ನು ಕೇಳಿ, ಅಲಾರಂ ಬದಲಿಸಿಕೊಳ್ಳಬೇಕು. ಗಂಟೆ ಹೊಡೆದಾಗ ಮಾತ್ರೆ ನುಂಗಿದ ಮೇಲೆಯೇ ಅದನ್ನು ನಿಲ್ಲಿಸಿ. ಮೊದಲು ಗಂಟೆ ನಿಲ್ಲಿಸಿ ಆಮೇಲೆ ನುಂಗುತ್ತೇನೆ ಎಂದವರು ಮರೆಯುವುದೇ ಹೆಚ್ಚು.

ಎರಡನೆಯದು, ಲೆಕ್ಕ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಅದರಲ್ಲಿ ಬಂದ ಅಂಕಿಯ ಫೋಟೋ ತೆಗೆದಿಡಿ. ತಾರೀಖು, ಹೊತ್ತು ತಾನಾಗಿಯೇ ದಾಖಲಾಗುತ್ತದೆ. ರಕ್ತಪರೀಕ್ಷೆಯ ಚೀಟಿ, ವೈದ್ಯರ ಚೀಟಿ, ಮಾತ್ರೆಯ ಪಟ್ಟಿ ಎಲ್ಲದರ ಫೋಟೋ ಒಂದೇ ಕಡೆ ಇರಲಿ. ಅಪಘಾತವಾಗಿ ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅವು ಬಹಳ ಉಪಯೋಗಕ್ಕೆ ಬರುತ್ತವೆ. ಸಾಮಾನ್ಯವಾಗಿ ವಯಸ್ಕ ರೋಗಿಗಳಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟ ಆರಂಭಿಸಿದ ಎರಡು ಗಂಟೆಗೆ 180ರೊಳಗೆ, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 7ಕ್ಕಿಂತ ಕಡಿಮೆ ಇರಬೇಕೆನ್ನುತ್ತಾರೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಈ ಗುರಿ ಬೇರೆಯಾಗುತ್ತದೆ. ನಿಮ್ಮ ಗುರಿ ಯಾವುದೆಂದು ನಿಮ್ಮ ವೈದ್ಯರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.

ಮೂರನೆಯದು, ಹೆಜ್ಜೆ. ಈಗಿನ ಬಹುತೇಕ ಫೋನುಗಳು ಹೆಜ್ಜೆ ಎಣಿಸುತ್ತವೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಎಂಬುದು ಎಲ್ಲೆಡೆ ಒಪ್ಪಿದ ಸಲಹೆ. ಐದು ದಿನಕ್ಕೆ ಹಂಚಿದರೆ ದಿನಕ್ಕೆ ಅರ್ಧ ಗಂಟೆ. ಟಿನ್ ಫ್ಯಾಕ್ಟರಿಯ ಹೊಗೆಯಲ್ಲಿ ಎಲ್ಲಿ ನಡೆಯುವುದು ಎನ್ನುತ್ತೀರಾ? ಬೆಳಗಿನ ಜಾವ ಒಳ ಓಣಿಗಳಲ್ಲಿ, ದೇವಾಲಯದ ಅಂಗಳದಲ್ಲಿ ನಡೆಯಬಹುದು. ಜಪಸರ ಹಿಡಿದು ನಡೆದರೆ ಐದು ರಹಸ್ಯ ಮುಗಿಯುವಷ್ಟರಲ್ಲಿ ಸುಮಾರು ಇಪ್ಪತ್ತು ನಿಮಿಷ ಆಗಿಯೇ ಹೋಗುತ್ತದೆ.

ನಾಲ್ಕನೆಯದು, ತಟ್ಟೆ. ಒಂದು ವಾರ ಊಟಕ್ಕೆ ಮುಂಚೆ ತಟ್ಟೆಯ ಫೋಟೋ ತೆಗೆಯಿರಿ, ಯಾರಿಗೂ ಕಳಿಸಬೇಕಾಗಿಲ್ಲ. ವಾರದ ಕೊನೆಗೆ ನೀವೇ ನೋಡಿ. ಅರ್ಧ ತಟ್ಟೆ ತರಕಾರಿ ಸೊಪ್ಪು, ಕಾಲು ಭಾಗ ಬೇಳೆ, ಮೊಟ್ಟೆ, ಮೀನಿನಂಥದ್ದು, ಕಾಲು ಭಾಗ ಅನ್ನ, ಮುದ್ದೆ ಅಥವಾ ಚಪಾತಿ ಇರಬೇಕು. ನಮ್ಮಲ್ಲಿ ಅನೇಕರ ತಟ್ಟೆ ಮುಕ್ಕಾಲು ಅನ್ನವೇ ಆಗಿರುತ್ತದೆ. ರಾಗಿ ಒಳ್ಳೆಯದೆಂದು ಎರಡು ದೊಡ್ಡ ಮುದ್ದೆ ಉಂಡರೆ ಅದೂ ಸಕ್ಕರೆಯನ್ನು ಏರಿಸುತ್ತದೆ ಎಂಬುದನ್ನು ಮರೆಯಬೇಡಿ.

ಐದನೆಯದು, ಪಾದ. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಮರಗಟ್ಟಿ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಗೊತ್ತಾಗದ ಗಾಯ ಕೊಳೆತು ಕಾಲು ಕಳೆದುಕೊಂಡವರಿದ್ದಾರೆ. ವಯಸ್ಸಾದವರಿಗೆ ಬಗ್ಗಿ ಅಂಗಾಲು ನೋಡಿಕೊಳ್ಳಲು ಆಗದು. ಅವರು ರಾತ್ರಿ ಮಲಗುವ ಮುಂಚೆ ಫೋನನ್ನು ಪಾದದ ಕೆಳಗೆ ಹಿಡಿದು ಅಂಗಾಲಿನ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಬಹುದು. ಅದಕ್ಕಿಂತ ಒಳ್ಳೆಯದು, ಮಗನೋ ಸೊಸೆಯೋ ಮೊಮ್ಮಗಳೋ ನೋಡಿ ಹೇಳುವುದು. ಸ್ವಾಮಿ ಯೇಸು ಶಿಷ್ಯರ ಪಾದ ತೊಳೆದದ್ದನ್ನು ವರ್ಷಕ್ಕೊಮ್ಮೆ ದೇವಾಲಯದಲ್ಲಿ ನೋಡುತ್ತೇವೆ. ನಮ್ಮ ಮನೆಯ ಹಿರಿಯರ ಪಾದವನ್ನು ದಿನಕ್ಕೊಮ್ಮೆ ನೋಡಲು ನಮಗೆ ಸಂಕೋಚವೇಕೆ?

ಆರನೆಯದು, ಕರೆ. ಮನೆಯವರ ಒಬ್ಬರ ನಂಬರು, ವೈದ್ಯರ ನಂಬರು, ಆಂಬ್ಯುಲೆನ್ಸಿನ 108, ಇವು ಒಂದೇ ಒತ್ತಿಗೆ ಸಿಗುವಂತಿರಲಿ. ಕಣ್ಣು ಮಂಜಾದವರಿಗೆ ಅಕ್ಷರ ದೊಡ್ಡದು ಮಾಡಿಕೊಡಿ, ಬಾಯಲ್ಲಿ ಹೇಳಿದರೆ ಕರೆ ಹೋಗುವುದನ್ನು ಕಲಿಸಿಕೊಡಿ. ದೂರದ ವೈದ್ಯರನ್ನು ಫೋನಿನಲ್ಲೇ ಕಂಡು ಸಲಹೆ ಪಡೆಯಲು ಸರ್ಕಾರದ ಇ-ಸಂಜೀವಿನಿ ಸೇವೆಯೂ ಇದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಸಕ್ಕರೆ ಕುಸಿದಾಗ

ಮೇಲೆ ಹೇಳಿದ ತಾಯಿಗೆ ಆದದ್ದು ಯಾರಿಗೂ ಆಗಬಹುದು. ಬೆವರು, ನಡುಕ, ಎದೆ ಡವಗುಟ್ಟುವಿಕೆ, ಏಕಾಏಕಿ ಹಸಿವು, ತೊದಲು ಮಾತು, ಕಾರಣವಿಲ್ಲದ ಸಿಟ್ಟು ಇವು ಗುರುತುಗಳು. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ, ಅಥವಾ ಮೀಟರ್ ಹತ್ತಿರವಿಲ್ಲದೆ ಗುರುತುಗಳು ಕಂಡರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಬೇಕು. ಫೋನಿನಲ್ಲಿ 15 ನಿಮಿಷದ ಗಂಟೆ ಇಟ್ಟು ಕಾದು, ಮತ್ತೆ ಪರೀಕ್ಷಿಸಿ, ಏರದಿದ್ದರೆ ಮತ್ತೊಮ್ಮೆ ಕೊಡಬೇಕು. ಸುಧಾರಿಸಿದ ಮೇಲೆ ಊಟ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುಗಟ್ಟೀತು. ಕೂಡಲೇ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರು ಚೀಲದಲ್ಲಿ ಜಪಸರದ ಪಕ್ಕದಲ್ಲೇ ಒಂದು ಪೊಟ್ಟಣ ಸಕ್ಕರೆ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಮೋಸ ಹೋಗಬೇಡಿ

ಫೋನು ಒಳ್ಳೆಯ ಸುದ್ದಿಯನ್ನೂ ತರುತ್ತದೆ, ಸುಳ್ಳನ್ನೂ ತರುತ್ತದೆ. ಈ ಪುಡಿ ತಿಂದರೆ ಇಪ್ಪತ್ತೊಂದು ದಿನದಲ್ಲಿ ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ, ಮಾತ್ರೆ ಬಿಡಿ ಎಂಬಂಥ ಸಂದೇಶ ಬಂದರೆ ಅದನ್ನು ಅಳಿಸಿಹಾಕಿ, ಇನ್ನೊಬ್ಬರಿಗೆ ಕಳುಹಿಸಬೇಡಿ. ಗೊತ್ತಿಲ್ಲದೆ ಹಂಚಿದ ಸುಳ್ಳಿನಿಂದಲೂ ನೆರೆಯವರಿಗೆ ಹಾನಿಯಾಗುತ್ತದೆ.

ಸೂಜಿ ಚುಚ್ಚದೆಯೇ ಸಕ್ಕರೆ ತೋರಿಸುತ್ತದೆಂದು ಕೆಲವು ಕೈಗಡಿಯಾರಗಳನ್ನೂ ಉಂಗುರಗಳನ್ನೂ ಮಾರುತ್ತಾರೆ. ಹೀಗೆ ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುವ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಅಂಥ ಅಂಕಿಯನ್ನು ನಂಬಿ ಇನ್ಸುಲಿನ್ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ. ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಬೇರೆ. ಅದರ ಕೂದಲಿನಷ್ಟು ಸಣ್ಣ ಎಳೆ ಚರ್ಮದೊಳಗಿದ್ದು, ಹಗಲಿರುಳು ಸಕ್ಕರೆಯ ಏರಿಳಿತವನ್ನು ಫೋನಿಗೆ ತಿಳಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಪದೇ ಪದೇ ಸಕ್ಕರೆ ಕುಸಿಯುವವರಿಗೆ ಅದು ನಿಜವಾದ ನೆರವು. ಆದರೆ ಬೆಲೆ ಹೆಚ್ಚು, ಸುಮಾರು ಎರಡು ವಾರಕ್ಕೊಮ್ಮೆ ಬದಲಿಸಬೇಕು. ಬರಿ ಮಾತ್ರೆಯಲ್ಲಿರುವವರು ಸಾಲ ಮಾಡಿ ಅದನ್ನು ಕೊಳ್ಳಬೇಕಾಗಿಲ್ಲ. ವೈದ್ಯರನ್ನು ಕೇಳಿ ತೀರ್ಮಾನಿಸಿ.

ಪ್ರಶ್ನೆ ಕೇಳಿದರೆ ಉತ್ತರಿಸುವ ಯಂತ್ರಬುದ್ಧಿಯೂ ಈಗ ಫೋನಿಗೆ ಬಂದಿದೆ. 2025ರ ಜನವರಿ 28ರಂದು ವ್ಯಾಟಿಕನ್ ಹೊರಡಿಸಿದ ‘ಅಂತಿಕ್ವಾ ಎತ್ ನೋವಾ’ ಎಂಬ ದಾಖಲೆ ಇದರ ಉಪಯೋಗವನ್ನು ಒಪ್ಪಿಕೊಂಡೇ, ರೋಗಿ ಮತ್ತು ಆರೈಕೆ ಮಾಡುವವರ ನಡುವಿನ ಸಂಬಂಧದ ಜಾಗದಲ್ಲಿ ಯಂತ್ರವನ್ನು ಕೂರಿಸಬಾರದೆಂದು ಎಚ್ಚರಿಸುತ್ತದೆ. ಕಾಯಿಲೆಯ ಜೊತೆಗೆ ಒಂಟಿತನವೂ ಸೇರಿದರೆ ನೋವು ಇಮ್ಮಡಿಯಾಗುತ್ತದೆ ಎಂಬುದನ್ನು ಮನೆಯಲ್ಲಿ ರೋಗಿಗಳಿರುವ ನಾವು ಬಲ್ಲೆವು.

ವಿಶ್ವಾಸಿಗಳ ಪ್ರಶ್ನೆಗಳು

‘ಪ್ರಾರ್ಥನಾಕೂಟಕ್ಕೆ ಹೋಗಿ ಬಂದೆ, ದೇವರು ಗುಣಪಡಿಸಿದ್ದಾರೆ, ಇನ್ನು ಮಾತ್ರೆ ಏಕೆ?’ ಎನ್ನುವವರಿದ್ದಾರೆ. ದೇವರ ಶಕ್ತಿಯಲ್ಲಿ ನಮಗೆ ಸಂಶಯವಿಲ್ಲ. ಆದರೆ ಸಿರಾಖನ ಗ್ರಂಥದ 38ನೇ ಅಧ್ಯಾಯ ಓದಿ ನೋಡಿ. ವೈದ್ಯರನ್ನು ಗೌರವಿಸಬೇಕೆಂದೂ, ಭೂಮಿಯಿಂದ ಬರುವ ಔಷಧಿ ದೇವರದೇ ಸೃಷ್ಟಿಯೆಂದೂ, ವಿವೇಕಿಯು ಅದನ್ನು ತಿರಸ್ಕರಿಸುವುದಿಲ್ಲವೆಂದೂ ಅದು ಬೋಧಿಸುತ್ತದೆ. ಪ್ರಾರ್ಥನೆಯೂ ಔಷಧಿಯೂ ಅಲ್ಲಿ ಒಟ್ಟಿಗೇ ಇವೆ. 1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ಇನ್ಸುಲಿನ್ ಚುಚ್ಚುವವರೆಗೆ, ಮಕ್ಕಳಿಗೆ ಈ ಕಾಯಿಲೆ ಬಂದರೆ ಅದು ಮರಣದಂಡನೆಯೇ ಆಗಿತ್ತು. ಇನ್ಸುಲಿನ್ ಕೂಡ ಒಂದು ಉತ್ತರಿಸಲ್ಪಟ್ಟ ಪ್ರಾರ್ಥನೆಯೆಂದು ಏಕೆ ತಿಳಿಯಬಾರದು? ಗುಣವಾಗಿದೆ ಎನಿಸಿದರೆ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಮೇಲೆಯೇ ಮಾತ್ರೆ ಕಡಿಮೆ ಮಾಡಿ.

‘ತಪಸ್ಸು ಕಾಲದ ಉಪವಾಸ ಬಿಟ್ಟರೆ ಪಾಪವೇ?’ ಧರ್ಮಸಭೆಯ ನಿಯಮದಂತೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ಉಪವಾಸದಿಂದ ಆರೋಗ್ಯ ಕೆಡುವ ರೋಗಿಗಳಿಗೆ ಅದರ ಬಂಧನವಿಲ್ಲ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಬಹಳ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಹೊಟ್ಟೆ ಖಾಲಿ ಬಿಡಬಾರದು. ಅವರು ಟೀವಿ ಬಿಡಲಿ, ಮುನಿಸು ಬಿಡಲಿ, ಉಳಿಸಿದ ಹಣದಿಂದ ಬಡವರೊಬ್ಬರಿಗೆ ಮಾತ್ರೆ ಕೊಡಿಸಲಿ. ಅದೂ ತಪಸ್ಸೇ.

‘ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದಲ್ಲವೇ?’ ಹೌದು. ಆದರೆ ನೀರು ಮತ್ತು ಔಷಧಿಗೆ ಆ ನಿಯಮವೇ ಇಲ್ಲ. ವಯೋವೃದ್ಧರು, ರೋಗಿಗಳು, ಅವರನ್ನು ನೋಡಿಕೊಳ್ಳುವವರು ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದೆಂದು ಧರ್ಮಸಭೆಯ ಕಾನೂನಿನ 919ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಪೂಜೆಯ ನಡುವೆ ಸಕ್ಕರೆ ಕುಸಿದರೆ ನಾಚಿಕೆಪಡದೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ.

‘ಬರಿಗಾಲಿನ ಹರಕೆ?’ ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಶಿವಾಜಿನಗರದ ಬಸಿಲಿಕಕ್ಕೂ, ದೂರದ ವೇಳಾಂಕಣಿಗೂ ಕಾವಿಯುಟ್ಟು ನಡೆದು ಹೋಗುವ ಭಕ್ತಿ ದೊಡ್ಡದು. ಆದರೆ ಪಾದ ಮರಗಟ್ಟಿದ ಸಕ್ಕರೆ ಕಾಯಿಲೆಯವರು ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆಯಬಾರದು. ಹರಕೆ ಹೊತ್ತಿದ್ದರೆ ನಿಮ್ಮ ಗುರುಗಳ ಬಳಿ ಹೇಳಿಕೊಳ್ಳಿ. ಅದನ್ನು ಬೇರೊಂದು ಸತ್ಕಾರ್ಯವಾಗಿ ಬದಲಿಸಿಕೊಡುವ ದಾರಿ ಧರ್ಮಸಭೆಯಲ್ಲಿದೆ. ತಾಯಿ ಮರಿಯಮ್ಮ ತನ್ನ ಮಕ್ಕಳ ಕಾಲನ್ನು ಕೇಳುವವಳಲ್ಲ.

ಮನೆಯವರಿಗೆ ಒಂದು ಮಾತು

ಮಕ್ಕಳೇ, ಫೋನನ್ನು ಪೊಲೀಸರ ಲಾಠಿ ಮಾಡಬೇಡಿ. ಅಪ್ಪನ ಮೀಟರಿನ ಅಂಕಿ ನೋಡಿ ‘ಮತ್ತೆ ಜಿಲೇಬಿ ತಿಂದ್ರಾ?’ ಎಂದು ಗದರಿದರೆ ಮುಂದಿನ ಸಲ ಅವರು ಅಂಕಿಯನ್ನೇ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕಾಯಿಲೆ ಒಳಗೇ ಕಣ್ಣನ್ನೂ ಮೂತ್ರಪಿಂಡವನ್ನೂ ಹೃದಯವನ್ನೂ ತಿನ್ನುತ್ತದೆ. ‘ಅಪ್ಪ, ಇವತ್ತು ಸ್ವಲ್ಪ ಹೆಚ್ಚಿದೆ, ಸಂಜೆ ಇಬ್ಬರೂ ನಡೆದು ಬರೋಣ’ ಎನ್ನಿ. ಅಂಕಿ ಎಂಬುದು ತೀರ್ಪಲ್ಲ, ಸುದ್ದಿ. ಹಾಗೆಯೇ ಹಿರಿಯರ ಒಪ್ಪಿಗೆಯಿಲ್ಲದೆ ಅವರ ಕಾಯಿಲೆಯ ಚೀಟಿಯನ್ನು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಗೊತ್ತಿಲ್ಲದ ಆ್ಯಪುಗಳಿಗೆ ಅವರ ವಿವರ ತುಂಬಬೇಡಿ.

ಹಿರಿಯರೇ, ‘ನಮಗೆ ಈ ಫೋನೆಲ್ಲಾ ಬರಲ್ಲಪ್ಪ’ ಎಂದು ಕೈ ಚೆಲ್ಲಬೇಡಿ. ಅಲಾರಂ ಇಡುವುದನ್ನು, ಫೋಟೋ ತೆಗೆಯುವುದನ್ನು ಮೊಮ್ಮಕ್ಕಳಿಂದ ಕಲಿಯಿರಿ. ಕಲಿಯುವ ಹೊತ್ತಿನಲ್ಲಿ ಅವರು ನಿಮ್ಮ ಪಕ್ಕದಲ್ಲಿ ಕೂರುತ್ತಾರೆ, ಅದೇ ಒಂದು ಔಷಧಿ.

ಯುವಜನರೇ, 2025ರ ಸೆಪ್ಟೆಂಬರ್ 7ರಂದು ಜಗದ್ಗುರು 14ನೇ ಲಿಯೋ ಅವರು ಸಂತ ಪದವಿಗೇರಿಸಿದ ಕಾರ್ಲೊ ಅಕ್ಯುತಿಸ್ ನಿಮ್ಮ ವಯಸ್ಸಿನವನೇ. 1991ರಲ್ಲಿ ಹುಟ್ಟಿ, 2006ರಲ್ಲಿ ಹದಿನೈದನೇ ವಯಸ್ಸಿಗೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹುಡುಗ. ಕಂಪ್ಯೂಟರಿನ ಜಾಣತನವನ್ನು ಅವನು ಪರಮಪ್ರಸಾದದ ಪವಾಡಗಳನ್ನು ಲೋಕಕ್ಕೆ ತಿಳಿಸಲು ಬಳಸಿದ. ನಿಮ್ಮ ಜಾಣತನವನ್ನು ಪಕ್ಕದ ಮನೆಯ ಒಂಟಿ ಅಜ್ಜಿಯ ಫೋನಿನಲ್ಲಿ ಮೂರು ಗಂಟೆ ಇಟ್ಟುಕೊಡಲು ಬಳಸಬಾರದೇ?

ಈ ವಾರದ ಅಭ್ಯಾಸ

1. ಮನೆಯವರೆಲ್ಲ ಕೂತು, ಸಕ್ಕರೆ ಕಾಯಿಲೆ ಇರುವವರ ಫೋನಿನಲ್ಲಿ ಮಾತ್ರೆಗೂ ಊಟಕ್ಕೂ ಅಲಾರಂ ಇಡಿ.

2. ಔಷಧಿ ಚೀಟಿಯ ಫೋಟೋ ತೆಗೆದು ಅವರ ಒಪ್ಪಿಗೆ ಪಡೆದು ಒಬ್ಬರಿಗೆ ಕಳಿಸಿಡಿ.

3. ರಾತ್ರಿ ಪ್ರಾರ್ಥನೆಯ ನಂತರ ಹಿರಿಯರ ಪಾದಗಳನ್ನು ನೋಡಿ.

4. ಮೂವತ್ತು ದಾಟಿ ಇನ್ನೂ ಪರೀಕ್ಷೆ ಮಾಡಿಸದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾಡಿಸಿಕೊಳ್ಳಿ.

5. ನಿಮ್ಮ ಕಿರು ಕ್ರೈಸ್ತ ಸಮುದಾಯದಲ್ಲಿ ಒಂಟಿಯಾಗಿರುವ ರೋಗಿಗಳು ಯಾರೆಂದು ವಿಚಾರಿಸಿ, ದಿನಕ್ಕೊಬ್ಬರು ಕರೆ ಮಾಡುವಂತೆ ಸರದಿ ಹಾಕಿಕೊಳ್ಳಿ.

ಚಿಂತನೆಗೆ

ನಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು? ಅವರಿಗೆ ಕಾಯಿಲೆಯಿದೆಯೇ? ಕಳೆದ ವಾರ ಅವರನ್ನು ‘ಊಟ ಆಯ್ತಾ?’ ಎಂದು ಕೇಳಿದವರು ಯಾರು? ಫೋನಿನಲ್ಲಿ ನಾವು ಕಳೆಯುವ ಹೊತ್ತಿನಲ್ಲಿ ಅವರಿಗೆ ಸೇರಿದ್ದೆಷ್ಟು?

ಪ್ರಾರ್ಥನೆ

ದಣಿದ ಎಲೀಯನನ್ನು ಎರಡು ಸಲ ಎಬ್ಬಿಸಿದ ದೇವರೇ, ದೂರದ ದಾರಿ ನಡೆಯುತ್ತಿರುವ ನಮ್ಮ ಮನೆಯ ರೋಗಿಗಳನ್ನು ಕಾಪಾಡಿರಿ. ಕರೆಯುವ ಗಂಟೆಗೆ ಓಗೊಡುವ ಮನಸ್ಸನ್ನು ಅವರಿಗೆ ಕೊಡಿರಿ. ಎರಡನೆಯ ಸಲ, ಮೂರನೆಯ ಸಲ ಎಬ್ಬಿಸಬೇಕಾದಾಗಲೂ ಬೇಸರಪಡದ ತಾಳ್ಮೆಯನ್ನು ನಮಗೆ ಕೊಡಿರಿ. ಆಮೆನ್.